ಇಪ್ಪತ್ತು ಗ್ರಾಮಿನ ಗೂಡಿನ ಅಂಚೆ

ಪೇಟೆಯಲ್ಲಿ ಅವನನ್ನು ಎಲ್ಲರೂ ತಕ್ಕಡಿಯಣ್ಣ ಎಂದೇ ಕರೆಯುತ್ತಿದ್ದರು. ದಿನಸಿ ಅಂಗಡಿಯ ತಕ್ಕಡಿ, ಔಷಧದಂಗಡಿಯ ಪುಟ್ಟ ತ್ರಾಸು, ಪಾರ್ಸೆಲ್ ಆಫೀಸಿನ ತೂಕದ ಯಂತ್ರ, ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತು ಉಸಿರು ತಾಗಿದರೂ ಮುನಿಸಿಕೊಳ್ಳುವ ಸೂಕ್ಷ್ಮ ತ್ರಾಸು, ಇವುಗಳಲ್ಲಿ ಯಾವುದು ಕೈಕೊಟ್ಟರೂ ಅವನೇ ಬರಬೇಕು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಸೈಕಲ್ ಅಂಗಡಿಗೂ ಫೋಟೊಗೆ ಕಟ್ಟು ಹಾಕುವವನ ಅಂಗಡಿಗೂ ನಡುವೆ, ಅವನ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದೇ ಕೋಣೆ, ಒಂದು ಕಲ್ಲಿನ ಮೇಜು, ಒಂದು ದೀಪ, ಒಂದು ಹಳೆಯ ಕಂಪ್ಯೂಟರು. ಓಣಿಯ ಕೊನೆಯಲ್ಲಿ ಬಸ್ಸೊಂದು ತಿರುಗಿದರೆ ಮೇಜಿನ ಮೇಲಿನ ಮುಳ್ಳುಗಳೆಲ್ಲ ನಡುಗುತ್ತಿದ್ದವು. ಅವು ಸುಮ್ಮನಾಗುವವರೆಗೆ ಅವನು ಚಿಮಟವನ್ನು ಗಾಳಿಯಲ್ಲೇ ಹಿಡಿದು ಕಾಯುತ್ತಿದ್ದ.

ಕಾಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಐವತ್ತು ದಾಟಿದರೂ ಮದುವೆಯಾಗದೆ ಉಳಿದದ್ದು ಹೆಣ್ಣು ಸಿಗದೆ ಅಲ್ಲ, ಹೂಂ ಅನ್ನಲೋ ಉಹೂಂ ಅನ್ನಲೋ ಎಂದು ಅವನು ತೂಗಿ ನೋಡುವಷ್ಟರಲ್ಲಿ ಹೆಣ್ಣಿನ ಕಡೆಯವರು ಬೇರೆ ಸಂಬಂಧ ನೋಡಿಕೊಂಡು ಬಿಡುತ್ತಿದ್ದರು. ಚಹಾ ಬೇಕೋ ಕಾಫಿ ಬೇಕೋ ಎಂದು ಕೇಳಿದ ಹೋಟೆಲ್ ಮಾಣಿ ಇನ್ನೆರಡು ಮೇಜು ಒರೆಸಿ ವಾಪಸು ಬಂದರೂ ಉತ್ತರ ಸಿದ್ಧವಾಗಿರುತ್ತಿರಲಿಲ್ಲ.

"ಇವನು ಹುಟ್ಟೋವಾಗ್ಲೂ ಯೋಚ್ನೆ ಮಾಡ್ತಾ ಕೂತಿದ್ನಂತೆ, ಅಮ್ಮ ಹೇಳ್ತಿದ್ರು" ಎಂದು ಅವನ ಅಕ್ಕ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

ಅವನು ಇದ್ದದ್ದು ಅಕ್ಕ ಭಾವನ ಮನೆಯಲ್ಲೇ. ಅಕ್ಕನಿಗೆ ಮಕ್ಕಳಿರಲಿಲ್ಲ. ಅಮ್ಮ ಹೋದ ಮೇಲೆ ಹತ್ತು ವರ್ಷದ ತಮ್ಮನನ್ನು ಮಗನಂತೆ ಸಾಕಿದವಳು ಅವಳೇ. ಆ ತಮ್ಮನಿಗೀಗ ತಲೆ ನರೆತಿದ್ದರೂ ಊಟಕ್ಕೆ ತಡವಾದರೆ ಅವಳು ಬಾಗಿಲಿಗೂ ಒಲೆಗೂ ಓಡಾಡುವುದು ತಪ್ಪಿರಲಿಲ್ಲ. ಭಾವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತನಾದವನು. ಊರಿಗೆ ಊರೇ ಮಾತಾಡುವ ತಂತಿಗಳನ್ನು ಕಾಯ್ದವನಿಗೆ ನಿವೃತ್ತಿಯ ಮೇಲೆ ಕಾಯಲು ಏನೂ ಉಳಿದಿರಲಿಲ್ಲ. ಆದ್ದರಿಂದ ತಕ್ಕಡಿಯಣ್ಣನ ಇಮೇಲಿನ ಏರ್ಪಾಟು ಅವನ ಪಾಲಿಗೆ ಬಂತು.

ಗಿರಾಕಿಗಳು ಬರೆಯುತ್ತಿದ್ದುದು ಒಂದೇ ವಿಳಾಸಕ್ಕೆ. ಅದನ್ನು ನೋಡಬೇಕಾದವರು ಇಬ್ಬರು. ಬೆಳಿಗ್ಗೆ ಮನೆಯ ಹಜಾರದ ಕಂಪ್ಯೂಟರಿನಲ್ಲಿ ಅಕ್ಕ ಇಮೇಲಿನ ಕಾಗದಗಳನ್ನೆಲ್ಲ ಇಳಿಸಿಕೊಂಡು, ಯಾವ ದಿನ ಯಾರ ಅಂಗಡಿಗೆ ಹೋಗಬೇಕು ಎಂಬುದನ್ನು ಗೊತ್ತುಮಾಡಿ ಉತ್ತರ ಬರೆಯುತ್ತಿದ್ದಳು. ಹಗಲೆಲ್ಲ ಕಾರ್ಖಾನೆಯ ಕಂಪ್ಯೂಟರಿನಲ್ಲಿ ತಮ್ಮ ನೋಡುತ್ತಿದ್ದ. ಒಂದರಲ್ಲಿ ಇಳಿದ ಕಾಗದ ಇನ್ನೊಂದರಲ್ಲಿ ಕಾಣುತ್ತಿರಲಿಲ್ಲ. ಎಲ್ಲವನ್ನೂ ಎಲ್ಲಿಂದ ಬೇಕಾದರೂ ನೋಡುವಂತೆ ಯಾವುದಾದರೂ ಕಂಪನಿಯ ಸರ್ವರಿನಲ್ಲಿ ಇಡಬಹುದಿತ್ತು. ಅಕ್ಕ ಅದನ್ನು ಹೇಳಿ ಹೇಳಿ ಸೋತಿದ್ದಳು.

"ನಮ್ಮ ಮನೆ ಕಾಗದಾನ ಕಂಡೋರ ಮನೆ ಅಟ್ಟದಲ್ಲಿ ಯಾಕೆ ಇಡಬೇಕು?" ಎನ್ನುತ್ತಿದ್ದ ಭಾವ. "ಬೇಕಾದಾಗೆಲ್ಲ ಹೋಗಿ ಅವರ ಬಾಗಿಲು ತಟ್ಟಬೇಕು. ನಾಳೆ ಅವರು ಬೀಗ ಬದಲಾಯಿಸಿಬಿಟ್ರೆ?"

"ಲೋಕದಲ್ಲಿ ಎಲ್ರೂ ಇಟ್ಟಿಲ್ವೇನ್ರೀ?"

"ಎಲ್ರಿಗೂ ನನ್ನಂಥ ಗಂಡ ಸಿಕ್ಕಿಲ್ಲ."

"ಅದು ಅವರ ಪುಣ್ಯ" ಎಂದು ಅಕ್ಕ ಎದ್ದು ಹೋಗುತ್ತಿದ್ದಳು.

ಹಾಗಾಗಿ ಭಾವ ಮಾಡಿದ ಏರ್ಪಾಟು ಒಂದು ಪೆನ್‌ಡ್ರೈವ್. ಬಂದ ಕಾಗದ, ಕಳಿಸಿದ ಕಾಗದ, ಯಾವುದನ್ನು ಓದಿಯಾಗಿದೆ, ಯಾವುದು ಬಾಕಿ, ಎಲ್ಲ ಅದರಲ್ಲಿ ಕೂತು ಮನೆಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಮನೆಗೆ ಓಡಾಡುತ್ತಿತ್ತು. ಎರಡೂ ಕೀಬೋರ್ಡುಗಳಲ್ಲಿ ಒಂದು ಕೀಲಿಗೆ ಕೆಂಪು ಚೀಟಿ, ಇನ್ನೊಂದಕ್ಕೆ ಹಸಿರು ಚೀಟಿ ಅಂಟಿಸಿದ್ದ. ಕೆಂಪು ಒತ್ತಿದರೆ ಕಂಪ್ಯೂಟರಿನಲ್ಲಿದ್ದದ್ದು ಪೆನ್‌ಡ್ರೈವಿಗೆ ಏರುತ್ತದೆ, ಹಸಿರು ಒತ್ತಿದರೆ ಪೆನ್‌ಡ್ರೈವಿನಲ್ಲಿದ್ದದ್ದು ಕಂಪ್ಯೂಟರಿಗೆ ಇಳಿಯುತ್ತದೆ. ಮುಗಿದಾಗ ಯಂತ್ರ ಕುಂಯ್, ಕುಂಯ್, ಕುಂಯ್ ಎನ್ನುತ್ತದೆ. ಇಳಿಸಿದ ಮೇಲೆ ಪೆನ್‌ಡ್ರೈವ್ ಹೇಳಿದ್ದೇ ಸತ್ಯ, ಕಂಪ್ಯೂಟರು ತನ್ನ ಹಳೆಯದನ್ನೆಲ್ಲ ಮರೆತುಬಿಡಬೇಕು.

ತಕ್ಕಡಿಯಣ್ಣ ಅದನ್ನು ತನ್ನ ತೂಕದ ಕಲ್ಲುಗಳ ಪೆಟ್ಟಿಗೆಯಲ್ಲಿ ಒಯ್ಯುತ್ತಿದ್ದ. ನೀಲಿ ಮಖಮಲ್ಲಿನ ಒಳಮೈಯ ಮರದ ಪೆಟ್ಟಿಗೆ ಅದು. ಒಂದೊಂದು ಹಿತ್ತಾಳೆ ಕಲ್ಲಿಗೂ ಒಂದೊಂದು ಗೂಡು. ಇಪ್ಪತ್ತು ಗ್ರಾಮಿನ ಕಲ್ಲು ಯಾವತ್ತೋ ಯಾರದೋ ಅಂಗಡಿಯಲ್ಲಿ ಕಳೆದುಹೋಗಿ ಅದರ ಗೂಡು ಖಾಲಿ ಬಿದ್ದಿತ್ತು. ಪೆನ್‌ಡ್ರೈವ್ ಅಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಓದದ ಕಾಗದ ಪರದೆಯ ಮೇಲೆ ದಪ್ಪಕ್ಷರದಲ್ಲಿ ಕಾಣುತ್ತಿತ್ತು, ಓದಿದ್ದು ತೆಳ್ಳಗಾಗುತ್ತಿತ್ತು. ತೆಳ್ಳಗಾದದ್ದನ್ನೆಲ್ಲ ಕಂಪ್ಯೂಟರು ಮುಂದಿನ ಸಲ ತೆರೆಯುವಾಗ ತಾನಾಗಿ 'ಮುಗಿದದ್ದು' ಎಂಬ ಕಡತಕ್ಕೆ ತಳ್ಳುವಂತೆ ಭಾವ ಮಾಡಿಟ್ಟಿದ್ದ. ಬೆಳಿಗ್ಗೆ ಅಕ್ಕ ಎಲ್ಲವನ್ನೂ ಓದಿ, ತಮ್ಮ ನೋಡಲೇಬೇಕಾದ್ದನ್ನು ಮಾತ್ರ ಮತ್ತೆ ದಪ್ಪಕ್ಕೆ ತಿರುಗಿಸಿಡುತ್ತಿದ್ದಳು. ತಮ್ಮ ದಪ್ಪ ಕಂಡದ್ದನ್ನು ಮಾತ್ರ ಓದುತ್ತಿದ್ದ. ಮುಗಿದದ್ದರ ಕಡೆ ಅವನು ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅಕ್ಕ ಮುಗಿದಿದೆ ಎಂದಳೆಂದರೆ ಮುಗಿದಿದೆ, ಅಷ್ಟೆ. ಹಜಾರದ ಗೋಡೆಗೆ ಭಾವನ ದುಂಡಕ್ಷರದ ರಟ್ಟು: 'ತೆರೆದವರೇ ಮುಚ್ಚಬೇಕು. ಮುಚ್ಚಿದ ಮೇಲೇ ಏರಿಸಬೇಕು.' ಮುಚ್ಚದೆ ಏರಿಸಿದರೆ ಕೊನೆಯಲ್ಲಿ ಮಾಡಿದ ಬದಲಾವಣೆ ಹಿಂದೆಯೇ ಉಳಿಯುತ್ತದೆ ಎಂಬ ಭಯ ಅವನಿಗೆ. ಅಕ್ಕ ಕೆಲಸ ಮುಗಿಸಿ ಮುಚ್ಚಿದಳು ಎಂಬುದಕ್ಕೆ ಗುರುತೂ ಇತ್ತು. ಹಳೆಯ ಪರದೆ ಬಟ್ಟೆಯಲ್ಲಿ ಅವಳೇ ಹೊಲಿದ ಗವಸನ್ನು ಮಾನಿಟರಿಗೆ ಹಾಕಿಬಿಡುತ್ತಿದ್ದಳು.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ತಕ್ಕಡಿಯಣ್ಣ ಉಣ್ಣೆ ಅಂಗಡಿಯಾಕೆಗೆ ಮನಸೋತ.

ಅದಾದದ್ದು ಹೀಗೆ. ಪೇಟೆಯ ಮೂಲೆಯಲ್ಲಿ ಹೆಣಿಗೆಯ ನೂಲು ಮಾರುವ ಅಂಗಡಿಯೊಂದಿತ್ತು. ಗೋಡೆ ತುಂಬ ಬಣ್ಣಬಣ್ಣದ ಉಣ್ಣೆಯ ಉಂಡೆಗಳು, ನಡುವೆ ಎರಡು ತಟ್ಟೆಯ ಹಿತ್ತಾಳೆ ತಕ್ಕಡಿ, ಅದರ ಹಿಂದೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಅಂಗಡಿಯಾಕೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ, ಆದರೆ ನಕ್ಕಾಗ ಅಂಗಡಿಯೇ ಬೆಳಗುತ್ತದೆ ಎಂಬುದು ತಕ್ಕಡಿಯಣ್ಣನ ಅಭಿಪ್ರಾಯ. ಮೊದಲ ಸಲ ಅವಳ ತಕ್ಕಡಿ ಪರೀಕ್ಷಿಸಿದಾಗ ಅದು ಒಂದು ಬದಿಗೆ ವಾಲುತ್ತಿತ್ತು. ತಿರುಗಿಸಿ ನೋಡಿದರೆ ಕಲ್ಲು ಇಡುವ ತಟ್ಟೆಯ ಅಡಿಗೆ ಯಾರೋ ಒಂದು ಕೋಟಿನ ಗುಂಡಿ ಅಂಟಿಸಿದ್ದರು.

"ಇದು ಸರಿಯಿಲ್ಲ ಮೇಡಂ. ಇದರಿಂದ ಗಿರಾಕಿಗೆ ನೂಲು ಜಾಸ್ತಿ ಹೋಗುತ್ತೆ."

"ಗೊತ್ತು. ನಾನೇ ಅಂಟಿಸಿದ್ದು" ಎಂದಳು ಆಕೆ. "ಸ್ವೆಟರ್ ಕೊನೇಲಿ ಒಂದು ತೋಳಿಗೆ ನೂಲು ಕಮ್ಮಿ ಬಿದ್ರೆ ಎಷ್ಟು ಸಂಕಟ ಆಗುತ್ತೆ, ನಿಮಗೆ ಗೊತ್ತಾ?"

ಅಂಗಡಿಯವರ ಕಡೆಗೆ ವಾಲುವ ತಕ್ಕಡಿಗಳನ್ನು ಅವನು ಜೀವಮಾನವೆಲ್ಲ ಕಂಡಿದ್ದ. ಗಿರಾಕಿಯ ಕಡೆಗೆ ವಾಲಿದ್ದನ್ನು ಕಂಡದ್ದು ಅದೇ ಮೊದಲು. ಗುಂಡಿಯನ್ನು ಇದ್ದಲ್ಲೇ ಬಿಟ್ಟ. ಅವನ ಮನಸ್ಸೂ ಅಲ್ಲೇ ಉಳಿಯಿತು.

ಆಮೇಲೆ ಅವನು ಆಗಾಗ ಆ ತಕ್ಕಡಿ ನೋಡಲು ಹೋಗತೊಡಗಿದ. ಏನೂ ಕೆಟ್ಟಿರುತ್ತಿರಲಿಲ್ಲ. ಒರೆಸಿದ್ದನ್ನೇ ಒರೆಸಿ, ಬಿಗಿದದ್ದನ್ನೇ ಬಿಗಿದು, ಹೇಳಬೇಕಾದ್ದನ್ನು ನುಂಗಿಕೊಂಡು ವಾಪಸು ಬರುತ್ತಿದ್ದ. ಹೆಣಿಗೆಯ ಹೆಂಗಸರು ಯಾವಾಗಲೂ ಅಲ್ಲಿ ಸುತ್ತ ಕೂತಿರುತ್ತಿದ್ದರು. ಅವರ ಕೈಗಳೇನೋ ಕಡ್ಡಿಗಳ ಮೇಲೆ, ಕಿವಿಗಳೆಲ್ಲ ಇವನ ಮೇಲೆ. ಎರಡು ವರ್ಷ ಹೀಗೆ ತೂಗಿ ತೂಗಿ, ಕಡೆಗೊಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ಒಬ್ಬನೇ ಕೂತು ಇಮೇಲ್ ಬರೆದೇಬಿಟ್ಟ. 'ನಿಮಗೆ ಒಪ್ಪಿಗೆಯಿದ್ದರೆ ಮದುವೆಯಾಗೋಣ ಎಂದು ಆಸೆ. ಯೋಚಿಸಿ ತಿಳಿಸಿ.' ಅಕ್ಕನ ಕಣ್ಣಿಗೆ ಬೀಳದಿರಲಿ ಎಂದು ಕಳಿಸಿದ ಪ್ರತಿಯನ್ನು ಅಳಿಸಿಹಾಕಿದ. ಉತ್ತರ ಬಂದರೆ ಅದೇ ವಿಳಾಸಕ್ಕೆ ಬರುತ್ತದೆ, ಬೆಳಿಗ್ಗೆ ಮೊದಲು ಕೂರುವವಳು ಅಕ್ಕನೇ ಎಂಬುದು ಅವನಿಗೆ ಹೊಳೆದದ್ದು ಮನೆಯ ಮೆಟ್ಟಿಲು ಹತ್ತುವಾಗ.

ಮರುದಿನ ಬೇಗ ಎದ್ದು ಅಕ್ಕನಿಗಿಂತ ಮೊದಲು ಕೂರೋಣವೆಂದುಕೊಂಡ. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಜಾರದಲ್ಲಿ ಅಕ್ಕ ಇರಲಿಲ್ಲ. ಮಾನಿಟರಿಗೆ ಗವಸು ಹಾಕಿತ್ತು. ಪೆನ್‌ಡ್ರೈವ್ ಕಂಪ್ಯೂಟರಿನಲ್ಲೇ ಸಿಕ್ಕಿಸಿಕೊಂಡಿತ್ತು. ಒಳಕೋಣೆಯಿಂದ ಭಾವನ ದನಿ ಕೇಳುತ್ತಿತ್ತು: "ಇನ್ನೂ ಸ್ವಲ್ಪ ಒಳಗೆ, ಗೋಡೆ ಮೂಲೇಲಿ ನೋಡು." ಅಕ್ಕ ಮಂಚದ ಅಡಿ ಸೇರಿ ಅವನ ಕನ್ನಡಕ ಹುಡುಕುತ್ತಿದ್ದಳು.

ಸರಿ, ಗವಸು ಹಾಕಿದ್ದಾಳೆ, ಮುಚ್ಚಿಯಾಗಿದೆ, ಏರಿಸುವುದನ್ನು ಮಾತ್ರ ಮರೆತಿದ್ದಾಳೆ ಎಂದುಕೊಂಡ ತಕ್ಕಡಿಯಣ್ಣ. ಜೀವನದಲ್ಲಿ ಮೊದಲ ಸಲ ಏನನ್ನೂ ತೂಗದೆ ಕೆಂಪು ಕೀಲಿ ಒತ್ತಿದ. ಕುಂಯ್, ಕುಂಯ್, ಕುಂಯ್. ಪೆನ್‌ಡ್ರೈವನ್ನು ಗೂಡಿಗೆ ಸೇರಿಸಿ, "ಬರ್ತೀನಕ್ಕಾ" ಎಂದು ಕೂಗಿ, ತಿಂಡಿಯನ್ನೂ ತಿನ್ನದೆ ಓಡಿದ.

ಕಾರ್ಖಾನೆಯಲ್ಲಿ ಹಸಿರು ಕೀಲಿ ಒತ್ತಿ ನೋಡಿದರೆ ದಪ್ಪಕ್ಷರದಲ್ಲಿ ಇದ್ದದ್ದು ಒಂದೇ ಕಾಗದ. ಬೇಕರಿಯವನದು: 'ನಮ್ಮ ತಕ್ಕಡಿಯೊಳಗೆ ಇರುವೆ ಸೇರಿವೆ.'

ಎರಡು ವಾರ ಕಳೆಯಿತು. ಉಣ್ಣೆ ಅಂಗಡಿಯಿಂದ ಉತ್ತರವಿಲ್ಲ. ಆಕೆ ಯೋಚಿಸುತ್ತಿರಬೇಕು ಎಂದು ಮೊದಲ ವಾರ ಅವನೇ ಸಮಾಧಾನ ಹೇಳಿಕೊಂಡ. ಎರಡನೆಯ ವಾರ ಸಮಾಧಾನ ಖಾಲಿಯಾಯಿತು. ಒಮ್ಮೆ ಧೈರ್ಯಮಾಡಿ ಅಂಗಡಿಯ ಮುಂದೆ ಹಾದುಹೋದ. ಆಕೆ ತಲೆಯೆತ್ತಿ ನೋಡಿ, ಥಟ್ಟನೆ ಬೆನ್ನು ತಿರುಗಿಸಿ ಕಪಾಟಿನ ಉಂಡೆಗಳನ್ನು ಜೋಡಿಸತೊಡಗಿದಳು. ಅವು ಮೊದಲೇ ಜೋಡಿಸಿದ್ದವು. ಹಾಗೆ ಸುಮ್ಮನೆ ಕೈಯಾಡಿಸುವುದು ಏನೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅವನ ತಲೆಗೆ ಹೋಗಲಿಲ್ಲ.

ಮನೆಯಲ್ಲಿ ಅಕ್ಕನ ವರಸೆಯೇ ಬೇರೆಯಾಗಿತ್ತು. ಬೈಗುಳ ನಿಂತಿತ್ತು. ಅವನು ತಟ್ಟೆಯ ಮುಂದೆ ಕೂತರೆ ಎದುರು ಕೂತು ಅವನ ಮುಖವನ್ನೇ ನೋಡುತ್ತಿದ್ದಳು, ಏನೋ ಹೇಳುತ್ತಾನೆ ಎಂಬಂತೆ. ಹರಿದ ಅಂಗಿಗಳನ್ನೆಲ್ಲ ಹುಡುಕಿ ಹೊಲಿದಿಟ್ಟಳು. ಒಂದು ಸಂಜೆ ನೋಡಿದರೆ ಅಟ್ಟದ ಮೇಲಿನ ಅವನ ದೊಡ್ಡ ಸೂಟ್‌ಕೇಸು ಕೆಳಗಿಳಿದು, ಬಾಯಿ ತೆರೆದುಕೊಂಡು ಬಿಸಿಲಿಗೆ ಕೂತಿತ್ತು.

"ಎಲ್ಲಿಗಾದ್ರೂ ಹೋಗ್ತಿದ್ದೀವಾ?" ಎಂದ.

"ನೀನೇ ಹೇಳ್ಬೇಕು" ಎಂದಳು ಅಕ್ಕ. ಅವಳ ಕಣ್ಣು ಕೆಂಪಗಿತ್ತು. ಈರುಳ್ಳಿ ಹೆಚ್ಚಿರಬೇಕು ಎಂದುಕೊಂಡ. ಆ ದಿನದ ಅಡುಗೆಯಲ್ಲಿ ಈರುಳ್ಳಿ ಇರಲಿಲ್ಲ.

ಆಮೇಲೊಂದು ದಿನ ಮಧ್ಯಾಹ್ನ ಕಾರ್ಖಾನೆಯ ಪರದೆಯ ಮೇಲೆ ದಪ್ಪಕ್ಷರದಲ್ಲಿ ಉಣ್ಣೆ ಅಂಗಡಿಯ ಹೆಸರು ಮೂಡಿತು. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಕೂದಲನ್ನೂ ಒಮ್ಮೆ ಸರಿಮಾಡಿಕೊಂಡು ತೆರೆದ. 'ಈ ವರ್ಷದ ತಕ್ಕಡಿ ಪರೀಕ್ಷೆಗೆ ನೀವು ಬರುವುದು ಬೇಡ. ಬೇರೆ ಏರ್ಪಾಟು ಮಾಡಿಕೊಂಡಿದ್ದೇನೆ. ಇಷ್ಟು ದಿನದ ಕೆಲಸಕ್ಕೆ ಧನ್ಯವಾದ.'

ಓಣಿಯ ಕೊನೆಯಲ್ಲಿ ಬಸ್ಸು ತಿರುಗಿತು, ಮುಳ್ಳುಗಳೆಲ್ಲ ನಡುಗಿ ಸುಮ್ಮನಾದವು. ಅವನಿಗೆ ಆ ದಿನ ಮತ್ತೆ ಚಿಮಟ ಹಿಡಿಯಲಾಗಲಿಲ್ಲ. ಬಾಗಿಲು ಎಳೆದುಕೊಂಡು, ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಬಿಸಿಲಿರುವಾಗಲೇ ಮನೆಗೆ ಬಂದ.

ಇಷ್ಟು ಬೇಗ ಬಂದವನನ್ನೂ ಅವನ ಸಪ್ಪೆ ಮೋರೆಯನ್ನೂ ನೋಡಿದ್ದೇ ಅಕ್ಕನ ತಾಳ್ಮೆಯ ಕಟ್ಟೆಯೊಡೆಯಿತು. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದಳು.

"ಇನ್ನೂ ಎಷ್ಟು ದಿನ ಹೊಟ್ಟೇಲಿಟ್ಕೊಂಡು ಓಡಾಡ್ತೀಯೋ? ಆ ಪಾಪದ ಹೆಂಗಸು ಅಷ್ಟು ಚೆನ್ನಾಗಿ ಬರೆದಿದ್ದಾಳೆ. ಹೂಂ ಅನ್ನೋಕೆ ನಿನಗೇನು ಧಾಡಿ? ನನ್ನನ್ನ ಬಿಟ್ಟು ಹೋಗ್ಬೇಕಲ್ಲ ಅಂತ ತಾನೆ ಸುಮ್ಮನಿರೋದು? ನಾನೇನು ಎಳೇ ಮಗುನಾ? ನಾನು ಇರ್ತೀನಿ ಕಣೋ. ಅಳ್ತೀನಿ, ಅಳೋದು ಬೇರೆ ವಿಷಯ. ಆದ್ರೆ ನನ್ನಿಂದಾಗಿ ನೀನು ಒಂಟಿಯಾಗಿ ಉಳಿದ್ರೆ ನಾನು ಅಮ್ಮನಿಗೆ ಏನಂತ ಮುಖ ತೋರಿಸ್ಲಿ?"

ತಕ್ಕಡಿಯಣ್ಣ ಬಾಯಿ ತೆರೆದು ನಿಂತ. "ಯಾರು ಬರೆದಿದ್ದಾಳೆ? ಏನು ಬರೆದಿದ್ದಾಳೆ?"

ಅಕ್ಕ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಾಟಕ ಬೇಡ."

"ನಿನ್ನಾಣೆಗೂ ಅಕ್ಕಾ, ನನಗೇನೂ ಬಂದಿಲ್ಲ. ಬರೋದು ಬೇಡ ಅಂತ ಇವತ್ತು ಒಂದು ಬಂತು, ಅಷ್ಟೇ."

ಅಕ್ಕ ಒಂದೇ ಏಟಿಗೆ ಗವಸು ಕಿತ್ತೆಸೆದು, ಕಂಪ್ಯೂಟರು ತೆರೆದು, 'ಮುಗಿದದ್ದು' ಕಡತದೊಳಗೆ ಕೈಹಾಕಿದಳು. ಬೇಕರಿಯ ಇರುವೆಗಳ ಪಕ್ಕದಲ್ಲಿ, ತೆಳ್ಳಗಿನ ಅಕ್ಷರದಲ್ಲಿ, 'ತಕ್ಕಡಿ ವಿಷಯ' ಎಂಬ ತಲೆಬರಹದ ಕಾಗದವೊಂದು ಎರಡು ವಾರದಿಂದ ಮಲಗಿತ್ತು. ತಕ್ಕಡಿಯಣ್ಣ ಬಗ್ಗಿ ಓದಿದ.

'ನಿಮ್ಮ ಪತ್ರ ಓದಿದೆ. ಏನೂ ಕೆಡದ ತಕ್ಕಡಿಯನ್ನು ನೋಡಲು ನೀವು ಯಾಕೆ ಬರುತ್ತಿದ್ದೀರೆಂದು ನನಗೆ ಗೊತ್ತಿತ್ತು. ಯಾವಾಗ ಬಾಯಿ ಬಿಡುತ್ತೀರೋ ಎಂದು ನಾನೂ ಕಾಯುತ್ತಿದ್ದೆ. ನನಗೆ ಒಪ್ಪಿಗೆ. ಆದರೆ ಒಂದು ಮಾತು. ಈ ಅಂಗಡಿಯನ್ನೂ ಮೇಲಿನ ಎರಡು ಕೋಣೆಗಳನ್ನೂ ನಾನು ಒಬ್ಬಳೇ ನಿಂತು ಮಾಡಿಕೊಂಡಿದ್ದೇನೆ. ಇವನ್ನು ಬಿಟ್ಟು ಬರಲಾರೆ. ನೀವೇ ಇಲ್ಲಿಗೆ ಬರಬೇಕು. ಅಕ್ಕನನ್ನು ಬಿಟ್ಟು ಬರುವುದು ನಿಮಗೆ ಸುಲಭವಲ್ಲವೆಂದು ಬಲ್ಲೆ. ಆಗದಿದ್ದರೆ ಆಗದು ಎಂದು ಬರೆಯುವ ಸಂಕಟ ಬೇಡ. ಉತ್ತರ ಬರೆಯದೆ ಬಿಟ್ಟುಬಿಡಿ, ನಾನು ಅರ್ಥಮಾಡಿಕೊಳ್ಳುತ್ತೇನೆ.'

ಕೊನೆಯ ಸಾಲನ್ನು ಅವನು ಎರಡು ಸಲ ಓದಿದ. ಅಕ್ಕನ ಕುರ್ಚಿಯ ತೋಳಿನ ಮೇಲೇ ಕೂತುಬಿಟ್ಟ. ಎರಡು ವಾರದಿಂದ ಅವನು ದಿನದಿನವೂ ಆಕೆಗೆ ಒಲ್ಲೆ ಎಂದು ಹೇಳುತ್ತಾ ಬಂದಿದ್ದ.

"ನಾನು ಇದನ್ನ ದಪ್ಪ ಮಾಡಿಟ್ಟಿದ್ದೆ ಕಣೋ!" ಎಂದಳು ಅಕ್ಕ. "ತಕ್ಕಡಿ ವಿಷಯ ಅಂತ ಇತ್ತಲ್ಲ, ಕೆಲಸದ್ದು ಅಂತ ತೆಗೆದೆ. ನೋಡಿದ್ರೆ ಹೀಗೆ. ಅಷ್ಟರಲ್ಲಿ ಇವರು ಕನ್ನಡಕ ಬಿತ್ತು ಅಂತ ಕೂಗಿದ್ರು. ಬಂದು ನೋಡಿಬಿಟ್ಟಾರು ಅಂತ ಗವಸು ಎಳೆದು ಒಳಗೆ ಹೋದೆ. ವಾಪಸು ಬಂದು, ನೀನೇ ಮೊದಲು ಓದಿದ ಹಾಗಿರ್ಲಿ ಅಂತ ದಪ್ಪ ಮಾಡಿ ಮುಚ್ಚಿದೆ. ಪೆನ್‌ಡ್ರೈವ್ ಆಗ್ಲೇ ನಿನ್ನ ಜೊತೆ ಹೋಗಿತ್ತು ಅನ್ನೋದು ತಲೆಗೇ ಬರ್ಲಿಲ್ಲ. ಸಾಯಂಕಾಲ ನೀನು ಬಂದ ಮೇಲೆ ನೋಡಿದ್ರೆ ತೆಳ್ಳಗಾಗಿ ಮುಗಿದದ್ದರಲ್ಲಿತ್ತು. ಓದಿದ್ದಾನೆ, ತಾನಾಗಿ ಹೇಳ್ಲಿ ಅಂತ ಬಾಯಿಗೆ ಬೀಗ ಹಾಕ್ಕೊಂಡೆ."

ಗಲಾಟೆ ಕೇಳಿ ಭಾವ ಹೊರಗೆ ಬಂದ. ವಿಷಯ ಕೇಳಿ, ಕಾಗದ ಓದಿ, ಕನ್ನಡಕ ಏರಿಸಿಕೊಂಡು ತಕ್ಕಡಿಯಣ್ಣನ ಕಡೆ ತಿರುಗಿದ. "ಅವತ್ತು ಬೆಳಿಗ್ಗೆ ಏರಿಸಿದ್ದು ಯಾರು?"

"ನಾನೇ. ಗವಸು ಹಾಕಿತ್ತು..."

"ಗವಸು ಹಾಕಿತ್ತು! ಒಳಗೆ ತೆರೆದೇ ಇತ್ತು. ಅವಳು ಕಾಗದ ಓದಿಯಾಗಿತ್ತು, ದಪ್ಪ ಮಾಡೋದು ಬಾಕಿ ಇತ್ತು. ನೀನು ತೆಳ್ಳಗಿದ್ದದ್ದನ್ನೇ ಏರಿಸಿಕೊಂಡು ಹೋದೆ. ಸಾಯಂಕಾಲ ಅದನ್ನೇ ತಂದು ಇವಳ ದಪ್ಪದ ಮೇಲೆ ಇಳಿಸಿದೆ. ರಟ್ಟಿನ ಮೇಲೆ ಏನು ಬರೆದಿದ್ದೀನಿ ನಾನು? ನನ್ನ ಏರ್ಪಾಟಿನಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ!"

"ಹೌದು, ಇವನ ಮದುವೆ ತಪ್ಪಿತು, ಏರ್ಪಾಟು ತಪ್ಪಲಿಲ್ಲ" ಎಂದಳು ಅಕ್ಕ.

ತಕ್ಕಡಿಯಣ್ಣ ಕೀಬೋರ್ಡಿನ ಮುಂದೆ ಸರಿದು ಕೂತ. "ಈಗಲೇ ಉತ್ತರ ಬರೀತೀನಿ. ಹೇಗೆ ಶುರುಮಾಡ್ಲಿ ಅಂದ್ರೆ..."

"ಏಳೋ ಮೇಲೆ!" ಅಕ್ಕ ಅವನ ರಟ್ಟೆ ಹಿಡಿದು ಎಬ್ಬಿಸಿದಳು. "ನೀನು ಶುರುಮಾಡೋ ಹೊತ್ತಿಗೆ ಆಕೆ ಅಂಗಡಿ ಬಾಗಿಲು ಹಾಕಿರ್ತಾಳೆ. ಕಾಲಿಲ್ವಾ ನಿನಗೆ? ನಡಿ."

ಅವನು ಬಾಗಿಲ ತನಕ ಹೋಗಿ ತಿರುಗಿ ನಿಂತ. "ಅಕ್ಕಾ, ನಾನಲ್ಲಿಗೆ ಹೋದ್ರೆ ನೀನು..."

"ಹೋಗು ಅಂದ್ನಲ್ಲ" ಎಂದಳು ಅಕ್ಕ, ಮುಖವನ್ನು ಬೇರೆ ಕಡೆ ಮಾಡಿಕೊಂಡು. "ಅಂಗಿ ಬದಲಾಯಿಸ್ಕೊಂಡು ಹೋಗು. ಇಸ್ತ್ರಿ ಮಾಡಿದ್ದು ಅಲ್ಲಿದೆ."

ಉಣ್ಣೆ ಅಂಗಡಿಯಲ್ಲಿ ಎಂದಿನಂತೆ ಮೂವರು ಹೆಂಗಸರು ಹೆಣೆಯುತ್ತಾ ಕೂತಿದ್ದರು. ಅಂಗಡಿಯಾಕೆ ಹಸಿರು ನೂಲು ತೂಗುತ್ತಿದ್ದಳು. ಬಾಗಿಲಲ್ಲಿ ಇಸ್ತ್ರಿಯ ಅಂಗಿ ತೊಟ್ಟು ಪೆಟ್ಟಿಗೆ ಹಿಡಿದು ಏದುಸಿರು ಬಿಡುತ್ತಾ ನಿಂತವನನ್ನು ಕಂಡು ಅವಳ ಕೈ ನಿಂತಿತು, ಮುಖ ಬಿಗಿಯಿತು.

"ಬರೋದು ಬೇಡ ಅಂತ ಬರೆದಿದ್ದೆನಲ್ಲ."

"ಓದಿದೆ. ಅದು ದಪ್ಪಕ್ಷರದಲ್ಲಿತ್ತು. ಮೊದಲನೇದು ತೆಳ್ಳಗಿತ್ತು. ಅಕ್ಕ ದಪ್ಪ ಮಾಡಿದ್ಲು, ನಾನು ಗವಸು ನೋಡಿ ಕೆಂಪು ಒತ್ತಿಬಿಟ್ಟೆ, ಅದಕ್ಕೇ ಅದು ಮುಗಿದದ್ದಕ್ಕೆ ಹೋಗಿ..."

ಹೆಂಗಸರ ಕಡ್ಡಿಗಳು ನಿಂತವು. "ಇವರಿಗೆ ಹುಷಾರಿಲ್ವಾ?" ಎಂದಳು ಒಬ್ಬಳು ಇನ್ನೊಬ್ಬಳಿಗೆ.

ತಕ್ಕಡಿಯಣ್ಣನಿಗೂ ತನ್ನ ಮಾತು ದಾರಿ ತಪ್ಪಿದ್ದು ಗೊತ್ತಾಯಿತು. ಪೆಟ್ಟಿಗೆಯನ್ನು ಗಲ್ಲಾದ ಮೇಲಿಟ್ಟ. ಹೆಂಗಸರನ್ನು ನೋಡಿದ, ಉಣ್ಣೆಯ ಗೋಡೆಯನ್ನು ನೋಡಿದ. ಇನ್ನು ತೂಗುತ್ತಾ ನಿಂತರೆ ಜೀವನವೇ ಕೈತಪ್ಪುತ್ತದೆ ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

"ನಿಮ್ಮ ಕಾಗದ ನಾನು ಓದಿದ್ದು ಈಗ. ಇನ್ನೂ ಅರ್ಧ ಗಂಟೆ ಆಗಿಲ್ಲ. ನಾನು ಬರ್ತೀನಿ. ಮೇಲಿನ ಮನೆಗೆ ನಾನೇ ಬರ್ತೀನಿ. ಸೂಟ್‌ಕೇಸೂ ಒಣಗಿದೆ."

ಆಕೆ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು.

"ಹಾಗಾದ್ರೆ ನನ್ನ ಕಾಗದ ಮೊದಲು ಓದಿದ್ದು ನಿಮ್ಮ ಅಕ್ಕನಾ?"

"ಹೌದು."

"ಏನಂದ್ರು?"

"ಅಂಗಿ ಬದಲಾಯಿಸ್ಕೊಂಡು ಹೋಗು ಅಂದ್ಲು."

ಆಗ ಆಕೆ ನಕ್ಕಳು. ಅಂಗಡಿ ಬೆಳಗಿತೋ ಇಲ್ಲವೋ ಎಂಬುದನ್ನು ತಕ್ಕಡಿಯಣ್ಣನನ್ನೇ ಕೇಳಬೇಕು. ಹೆಂಗಸರಂತೂ ಕಡ್ಡಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. "ನನ್ನ ಹಸಿರು ನೂಲು?" ಎಂದು ಕೇಳಿದವಳಿಗೆ ಆ ದಿನ ತೂಗದೆಯೇ ಇಡೀ ಉಂಡೆ ಸಿಕ್ಕಿತು.

ಮದುವೆ ಗದ್ದಲವಿಲ್ಲದೆ ನಡೆಯಿತು. ತಕ್ಕಡಿಯಣ್ಣ ಸೂಟ್‌ಕೇಸು ಹಿಡಿದು ಉಣ್ಣೆ ಅಂಗಡಿಯ ಮೇಲಿನ ಮನೆ ಸೇರಿದ. ಅಲ್ಲಿಯೂ ಒಂದು ಕಂಪ್ಯೂಟರು ಇದ್ದದ್ದರಿಂದ ಭಾವ ಅದರ ಕೀಬೋರ್ಡಿಗೂ ಕೆಂಪು ಹಸಿರು ಚೀಟಿ ಅಂಟಿಸಿ, ಗೋಡೆಗೆ ಹೊಸ ರಟ್ಟು ತೂಗುಹಾಕಿ ಬಂದ. ಬೆಳಿಗ್ಗೆಯ ಕಾಗದ ಈಗ ತಕ್ಕಡಿಯಣ್ಣನೇ ಇಳಿಸಿಕೊಳ್ಳುತ್ತಿದ್ದ. ಆದರೆ ದಿನ ಗೊತ್ತುಮಾಡುವ ಕೆಲಸವನ್ನು ಅಕ್ಕ ಬಿಟ್ಟುಕೊಡಲಿಲ್ಲ. ಹಾಗಾಗಿ ಅವನು ದಿನಾ ಸಂಜೆ ಕಾರ್ಖಾನೆ ಮುಚ್ಚಿ ಮೊದಲು ಅಕ್ಕನ ಮನೆಗೆ ಬರುತ್ತಿದ್ದ. ಪೆಟ್ಟಿಗೆ ತೆರೆದು ಪೆನ್‌ಡ್ರೈವ್ ಕೊಡುತ್ತಿದ್ದ. ಅಕ್ಕ ಹಸಿರು ಒತ್ತಿ, ಓದಿ, ಉತ್ತರ ಬರೆದು, ದಪ್ಪ ಮಾಡಬೇಕಾದ್ದನ್ನು ದಪ್ಪ ಮಾಡಿ, ಮುಚ್ಚಿ, ಕೆಂಪು ಒತ್ತುವಷ್ಟರಲ್ಲಿ ಅವನ ಚಹಾ ಮುಗಿದಿರುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡೂ ಆಗಿರುತ್ತಿತ್ತು.

ಒಂದು ಭಾನುವಾರ ಎಲ್ಲರೂ ಅಕ್ಕನ ಮನೆಯಲ್ಲಿ ಊಟಕ್ಕೆ ಸೇರಿದ್ದರು. ಭಾವ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಮದುವೆ ಕೈತಪ್ಪುವುದರಲ್ಲಿತ್ತಲ್ಲ ಎಂಬ ಅಳುಕು ಅವನ ಮನಸ್ಸಿನಲ್ಲಿ ಇನ್ನೂ ಉಳಿದಿತ್ತು.

"ನಾನು ಯೋಚ್ನೆ ಮಾಡಿದೆ" ಎಂದ. "ಆ ಸರ್ವರಿನಲ್ಲೇ ಇಟ್ಟುಬಿಡೋಣ. ನಾನು ಸೋತೆ ಅಂತಲೇ ಇಟ್ಕೊಳ್ಳಿ."

"ನಮ್ಮ ಅಂಗಡಿಗೆ ಬರೋ ಹುಡುಗೀರೂ ಹೇಳ್ತಿದ್ರು" ಎಂದಳು ತಕ್ಕಡಿಯಣ್ಣನ ಹೆಂಡತಿ. "ಮೂರೂ ಕಡೆ ಒಂದೇ ಥರ ಕಾಣುತ್ತಂತೆ. ಇವರು ದಿನಾ ಸುತ್ತು ಹಾಕಿಕೊಂಡು ಇದನ್ನ ಹೊತ್ತು ಬರೋದು ತಪ್ಪುತ್ತೆ."

ಎಲ್ಲರೂ ಅಕ್ಕನ ಕಡೆ ನೋಡಿದರು. ಇಷ್ಟು ವರ್ಷ ಇದಕ್ಕಾಗಿ ಜಗಳವಾಡಿದವಳು ಅವಳೇ. ಬಡಿಸುತ್ತಿದ್ದ ಸೌಟು ಪಾತ್ರೆಯ ಮೇಲೆಯೇ ನಿಂತಿತ್ತು.

"ಏನೂ ಬೇಡ" ಎಂದಳು.

"ನೀನೇ ಅಲ್ವೇನೇ ಕೇಳ್ತಿದ್ದದ್ದು?" ಎಂದ ಭಾವ.

"ಕೇಳ್ತಿದ್ದೆ. ಈಗ ಬೇಡ. ನಮ್ಮ ಮನೆ ಕಾಗದಾನ ಕಂಡೋರ ಅಟ್ಟದಲ್ಲಿ ಯಾಕ್ರೀ ಇಡಬೇಕು?" ಅಕ್ಕ ತಮ್ಮನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಸುರಿದಳು. "ಇವನೇ ತರ್ಲಿ. ದಿನಾ ತರ್ಲಿ. ತರೋಕೇನು ಭಾರವಾ?"

ಹೊಸ ಹೆಂಡತಿ ಅತ್ತಿಗೆಯ ಮುಖವನ್ನು ಒಂದು ಕ್ಷಣ ನೋಡಿದಳು. ತಟ್ಟೆಯಡಿಗೆ ಕೋಟಿನ ಗುಂಡಿ ಅಂಟಿಸಿದವಳಿಗೆ ಅಷ್ಟು ಸಾಕಾಯಿತು.

"ಭಾರ ಏನಿಲ್ಲ" ಎಂದಳು. "ದಿನಾ ಬರ್ತಾರೆ ಬಿಡಿ."

ತಕ್ಕಡಿಯಣ್ಣ ಎದ್ದು ಕೈತೊಳೆದು, ಪೆಟ್ಟಿಗೆ ತೆರೆದು, ಪೆನ್‌ಡ್ರೈವನ್ನು ಅಕ್ಕನ ಕೈಗಿಟ್ಟ. ಭಾನುವಾರ ಯಾರೂ ಕಾಗದ ಬರೆದಿರಲಿಲ್ಲ. ಆದರೂ ಅಕ್ಕ ಹೋಗಿ ಗವಸು ತೆಗೆದು ಹಸಿರು ಕೀಲಿ ಒತ್ತಿದಳು.